ಕಿರುಬೆರಳಿಗೊಂದು ಗಿಟಾರ್

ಗಜೇಂದ್ರಗಡ
12 ಜೂನ್ 2025

ಗುರುಸಂಗಣ್ಣನಿಗೆ ತಂಗಿ ಉಮಾಶ್ರೀಯ ಶರಣು.

ಫೋನ್ ಇರುವಾಗ ಕಾಗದ ಯಾಕೆ ಬಂತು ಎಂದು ಗಾಬರಿಯಾಗಬೇಡ. ಎಲ್ಲರೂ ಆರಾಮ ಇದ್ದೇವೆ. ಈ ಮನೆಯಲ್ಲಿ ಫೋನ್ ಎಂದರೆ ಊರ ಬಾವಿ, ಎಲ್ಲರೂ ಕೊಡ ಇಳಿಸುತ್ತಾರೆ. ನಾನು ಹಲೋ ಎನ್ನುವಷ್ಟರಲ್ಲಿ ಅತ್ತೆ ಗೌರವ್ವನವರು "ಯಾರದವಾ? ಏನಂತ?" ಎಂದು ಪಕ್ಕಕ್ಕೆ ಬಂದು ಕೂರುತ್ತಾರೆ. ಕೆಳಗಿನ ಅರಿವೆ ಅಂಗಡಿಯಿಂದ ನಮ್ಮ ಮನೆಯವರು "ಸ್ಪೀಕರಿಗೆ ಹಾಕ, ನಾನೂ ಮಾತಾಡ್ತೀನಿ" ಎಂದು ಕೂಗುತ್ತಾರೆ. ಅಪ್ಪ ಇದ್ದಾಗ ನನ್ನಿಂದ ತಪ್ಪದೆ ಕಾಗದ ಬರೆಸುತ್ತಿದ್ದರಲ್ಲ, ಆ ರೂಢಿ ಈಗ ಉಪಯೋಗಕ್ಕೆ ಬಂತು.

ವಿಷಯ ನಾಗರ ಪಂಚಮಿಯದು. ಈ ಸಲ ನನಗೆ ಸೀರೆ ಬೇಡ. ನೀನು ವರ್ಷವರ್ಷ ಕೊಟ್ಟ ಇಳಕಲ್ ಸೀರೆಗಳೇ ಕಪಾಟು ತುಂಬಿವೆ. ಅದರ ಬದಲು ಒಂದು ಗಿಟಾರ್ ಕೊಡಿಸು. ಮಗಳು ಐಶ್ವರ್ಯಾಗೆ.

ಅವಳು ಹತ್ತನೆಯ ತರಗತಿಯಲ್ಲಿದ್ದಾಗ ಹಟ ಮಾಡಿ ಒಂದು ಗಿಟಾರ್ ತರಿಸಿಕೊಂಡಿದ್ದಳು, ನಿನಗೆ ನೆನಪಿರಬೇಕು. ಅದರ ಕುತ್ತಿಗೆ ಬಾಗಿದೆ. ತಂತಿಗಳು ಮರದಿಂದ ಮೇಲೆದ್ದು ನಿಂತಿವೆ. ಈಗ ಬೇಕಾಗಿರುವುದು ಬೇರೆ ಥರದ್ದು. ಸುಮ್ಮನೆ ಮೀಟಿದರೆ ಮರವೇ ನುಡಿಯಬೇಕು, ವೈರು ಚುಚ್ಚಿದರೆ ಸ್ಪೀಕರಿನಲ್ಲೂ ನುಡಿಯಬೇಕು. ಅಂಗಡಿಯಲ್ಲಿ ಅದಕ್ಕೆ ಸೆಮಿ ಅಕೂಸ್ಟಿಕ್ ಎನ್ನುತ್ತಾರಂತೆ.

ಶ್ರಾವಣದಲ್ಲಿ ನಮ್ಮ ಮಠದಲ್ಲಿ ಪುರಾಣ ನಡೆಯುತ್ತದಲ್ಲ, ಅದು ಮುಗಿದ ಮೇಲೆ ನಮ್ಮ ಅಕ್ಕನ ಬಳಗದ ಹೆಂಗಸರು ವಚನ ಹಾಡುತ್ತೇವೆ. ಹಾರ್ಮೋನಿಯಂ ಮಾಸ್ತರರು ಮಗಳ ಊರಿಗೆ ಹೋಗಿಬಿಟ್ಟರು. ಬರೀ ತಾಳದ ಮೇಲೆ ಹಾಡಿದರೆ ಒಬ್ಬೊಬ್ಬರ ಸ್ವರ ಒಂದೊಂದು ದಿಕ್ಕಿಗೆ ಓಡುತ್ತದೆ. ಕೊನೆಯ ಸೋಮವಾರ ಗಿಟಾರ್ ಇರುತ್ತದೆ ಎಂದು ನಾನು ಮಾತು ಕೊಟ್ಟುಬಿಟ್ಟಿದ್ದೇನೆ.

ನಮ್ಮ ಮನೆಯವರಿಗೆ ಹೇಳಿದರೆ ಇಲ್ಲ ಎನ್ನುವವರಲ್ಲ. ಆದರೆ ಖಣ ಕೊಳ್ಳಲು ಬಂದವರಿಗೆಲ್ಲ ಗಿಟಾರಿನ ಕಥೆ ಹೇಳಿ ಕಳಿಸುತ್ತಾರೆ. ತವರಿನಿಂದ ಬಂದದ್ದನ್ನು ಮಾತ್ರ ಯಾರೂ ಯಾಕೆ ಎಂದು ಕೇಳುವುದಿಲ್ಲ. ಅದಕ್ಕೇ ನಿನಗೆ ಬರೆದೆ.

ನಿನ್ನ ತಂಗಿ
ಉಮಾಶ್ರೀ


ನರಗುಂದ
18 ಜೂನ್ 2025

ಉಮಾ,

ಇಲ್ಲಿ ನಾವೆಲ್ಲ ಗಟ್ಟಿಮುಟ್ಟಾಗಿದ್ದೇವೆ. ಹೆಸರುಕಾಳಿನ ದರ ಮಾತ್ರ ಹಾಸಿಗೆ ಹಿಡಿದಿದೆ.

ನಿನ್ನ ಕಾಗದ ಓದಿ ನಮ್ಮ ಮನೆಯವಳಿಗೆ, ನಿನ್ನ ವೈನಿಗೆ, ಹೇಳಿದೆ. "ಉಮಾ ಸೀರಿ ಬ್ಯಾಡ ಅಂದ್ಲಂದ್ರ ಗಿಟಾರ ಭಾಳ ತುಟ್ಟಿ ಇರಬೇಕು, ನೋಡ್ಕೊಂಡ ಹೂಂ ಅನ್ರಿ" ಎಂದಳು. ನಾನು ಆಗಲೇ ಹೂಂ ಅಂದಾಗಿತ್ತು. ಇಷ್ಟು ವರ್ಷ ಅಡತಿ ಅಂಗಡಿಯಲ್ಲಿ ಕೂತು ಕಾಳು ಆರಿಸಿದವನಿಗೆ ಗಿಟಾರ್ ಆರಿಸುವುದು ದೊಡ್ಡ ಮಾತೇ? ಮುಷ್ಟಿಯಲ್ಲಿ ಹಿಡಿದು, ಮೂಸಿ, ಒಂದು ಕಾಳು ಕಡಿದು ನೋಡಿದರೆ ಯಾವ ಮಾಲಾದರೂ ತನ್ನ ಹಣೆಬರಹ ಹೇಳುತ್ತದೆ. ಗಿಟಾರನ್ನು ಎಲ್ಲಿ ಕಡಿಯಬೇಕು ಎಂಬುದೊಂದು ತಿಳಿದುಕೊಳ್ಳಬೇಕು.

ಪಂಚಮಿ ಎಂದು ಬರೆದೆಯಲ್ಲ, ಗೋದಾಮಿನ ಹಿಂದಿನ ಬೇವಿನ ಗಿಡ ನೆನಪಾಯಿತು. ಆ ಗಿಡದ ಜೋಕಾಲಿಯಲ್ಲಿ ನಿನ್ನಷ್ಟು ಎತ್ತರ ಜೀಕಿದವರು ಓಣಿಯಲ್ಲೇ ಇರಲಿಲ್ಲ. ಬಿದ್ದವಳೂ ನೀನೊಬ್ಬಳೇ. ಎಡಗೈಯ ಕಿರುಬೆರಳಿಗೆ ಬಿದಿರಿನ ಸೀಳು ಕಟ್ಟಿದ್ದರು, ಆದರೂ ಅದು ಕುಡುಗೋಲಿನಂತೆ ಬಾಗಿಯೇ ಕೂಡಿಕೊಂಡಿತು. ಕಟ್ಟು ಬಿಚ್ಚಿದ ದಿನವೇ ನೀನು ಮತ್ತೆ ಜೋಕಾಲಿ ಏರಿದ್ದೆ. ಅವ್ವ ಬಾರುಕೋಲು ಹಿಡಿದು ಕೆಳಗೆ ನಿಂತಿದ್ದಳು.

ಐಶ್ವರ್ಯಾ ಈಗಲೇ ಕಲಿಯುತ್ತಿರುವುದು ಬರೋಬರಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ನಮ್ಮ ಓಣಿಯ ಅಂಗನವಾಡಿ ಗಾಳೆವ್ವ ಗೊತ್ತಲ್ಲ, ಐವತ್ತರ ಹೊಸ್ತಿಲಿಗೆ ಬಂದ ಮೇಲೆ ಸ್ಕೂಟರ್ ಕಲಿಯುವ ಹುಕಿ ಹುಟ್ಟಿದೆ. ಮೊನ್ನೆ ಹಾಲಿನ ಕ್ಯಾನಿಗೆ ಗುದ್ದಿ ಓಣಿಗೆಲ್ಲ ಅಭಿಷೇಕ ಮಾಡಿಸಿದಳು. "ಗಾಳೆವ್ವಾ, ದೇವರ ಕೊಟ್ಟ ಕಾಲು ಸವದಾವೇನ?" ಎಂದೆ. ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಈ ವಯಸ್ಸಿನಲ್ಲಿ ಯಾಕೆ ಬೇಕು ಹೇಳು ಈ ಸೋಗು!

ಗಿಟಾರಿನ ಬಗ್ಗೆ ಇನ್ನೇನಾದರೂ ಇದ್ದರೆ ಬರೆ.

ಅಣ್ಣ
ಗುರುಸಂಗಪ್ಪ


ಗಜೇಂದ್ರಗಡ
25 ಜೂನ್ 2025

ಅಣ್ಣಾ,

ಕಾಗದ ಮುಟ್ಟಿತು. ಗಾಳೆವ್ವನಿಗೆ ಪೆಟ್ಟಾಗಲಿಲ್ಲವಷ್ಟೇ? ಹಾಲಿನ ಸುದ್ದಿ ಬರೆದಿದ್ದೀ, ಅವಳ ಮೊಣಕಾಲಿನ ಸುದ್ದಿ ಬರೆದಿಲ್ಲ.

ಹೌದು, ಐಶ್ವರ್ಯಾ ಕಲಿಯುವ ವಯಸ್ಸಿನಲ್ಲೇ ಕಲಿಯುತ್ತಿದ್ದಾಳೆ. ಬೇರೆ ಯಾರೂ ಕಲಿಯುತ್ತಿಲ್ಲ.

ಮೊಬೈಲಿನಲ್ಲಿ ನೋಡಿ ತಿಳಿದಷ್ಟು ಹೇಳುತ್ತೇನೆ. ಮುಖದ ಹಲಗೆ ಒಂದೇ ಮರದ್ದಾಗಿರಲಿ, ಪದರ ಅಂಟಿಸಿದ್ದು ಬೇಡ. ಪಕ್ಕದಲ್ಲಿ ಬ್ಯಾಟರಿಯ ಪುಟ್ಟ ಡಬ್ಬಿ ಇರುತ್ತದೆ, ಅಲ್ಲೇ ಶ್ರುತಿ ತೋರಿಸುವ ದೀಪ ಇದ್ದರೆ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯ ತಂತಿ. ಹಳೆಯದರ ತಂತಿ ಒತ್ತಿ ಒತ್ತಿ ಬೆರಳ ತುದಿ ಒಣಗಿದ ಕಟಕ ರೊಟ್ಟಿಯಂತೆ ಗಡುಸಾಗಿದೆ. ರೊಟ್ಟಿ ತಟ್ಟುವಾಗ ಹಂಚಿನ ಕಾವೇ ಗೊತ್ತಾಗುವುದಿಲ್ಲ. ಐಶ್ವರ್ಯಾಳ ಬೆರಳು.

ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಅಟ್ಟದ ಕೋಣೆಯಲ್ಲಿ ಅಭ್ಯಾಸ ನಡೆಯುತ್ತದೆ. ನಾನೂ ಕೇಳುತ್ತಾ ಕೂರುತ್ತೇನೆ. ಒಂದು ಸ್ವರ ಸರಿಯಾಗಿ ಬಿದ್ದ ದಿನ ಸಂಜೆಯ ತನಕ ಮೈ ಹಗುರ ಇರುತ್ತದೆ, ಅಣ್ಣಾ. ಕೇಳುವವಳಿಗೇ ಹೀಗಾದರೆ ಬಾರಿಸುವವಳಿಗೆ ಹೇಗಿರಬೇಡ ನೋಡು.

ಉಮಾಶ್ರೀ


ನರಗುಂದ
4 ಜುಲೈ 2025

ಉಮಾ,

ಗದಗಿನಲ್ಲಿ ನೋಡಿದೆ. ಅಲ್ಲಿಯವನು ಗಿಟಾರನ್ನು ಪ್ಲಾಸ್ಟಿಕ್ ಚೀಲದಿಂದ ಹೊರಗೇ ತೆಗೆಯಲಿಲ್ಲ. ಮಾಲು ಬಿಚ್ಚದೆ ಮಾತಾಡುವವನ ಹತ್ತಿರ ನಾನು ನಿಲ್ಲುವುದಿಲ್ಲ. ಸೀದಾ ಹುಬ್ಬಳ್ಳಿಗೆ ಹೋದೆ.

ಅಲ್ಲಿ ಒಂದು ವಾದ್ಯದ ಅಂಗಡಿ ಇದೆ. ನಡೆಸುವವಳು ಶಬನಮ ಎಂಬ ಹುಡುಗಿ. ಅಪ್ಪನ ಕಾಲದ ತಬಲಾ ಅಂಗಡಿಗೆ ಗಿಟಾರ್ ತಂದು ತುಂಬಿಸಿದವಳೇ ಅವಳಂತೆ. ಮಾತು ಜೋರು, ನಗು ಅದಕ್ಕಿಂತ ಜೋರು. ಗೋಡೆಯ ತುಂಬ ಗಿಟಾರುಗಳು ಹಬ್ಬದ ಸಂತೆಯಂತೆ ನೇತಾಡುತ್ತಿದ್ದವು. ಒಂದಕ್ಕೆ ಒಂದು ಭುಜವೇ ಇರಲಿಲ್ಲ.

"ಇದಕ್ಕ ಇಲಿ ಕಡದೈತೇನವಾ?" ಎಂದೆ.

"ಇಲಿ ಅಲ್ರಿ ಕಾಕಾ, ಕೈ ಕೆಳಗಿನ ಪಟ್ಟಿ ತನಕ ಹೋಗ್ಲಿ ಅಂತ ಕಂಪನಿಯವರ ಕಡದಿರತಾರ. ನಿಮ್ಮ ಊರಾಗ ಇಲಿ ಇಷ್ಟ ಚಂದ ಕಡೀತಾವೇನ್ರಿ?"

ದರದ ಮಾತು ಬಂದಾಗ ನನಗೆ ಅರಿವಿಲ್ಲದೆ ಟವೆಲಿನ ಕೆಳಗೆ ಕೈ ಹೋಯಿತು. ದನದ ಪೇಟೆಯಲ್ಲಿ ಅಪ್ಪ ಹಾಗೇ ಅಲ್ಲವೇ ಟವೆಲ್ ಹೊದಿಸಿ ಬೆರಳು ಹಿಡಿದು ವ್ಯಾಪಾರ ಮುಗಿಸುತ್ತಿದ್ದದ್ದು. ಆ ಹುಡುಗಿ ಗಾಬರಿಯಾಗಿ "ಕೈಗೆ ಏನ ಆತ್ರಿ ಕಾಕಾ? ಔಷಧಿ ತರಸ್ಲ್ಯಾ?" ಎಂದಳು. ನಗಬೇಡ.

ಆಮೇಲೆ ಅವಳು ಒಂದು ದೊಡ್ಡ ಗಿಟಾರ್ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡು ಬಾರಿಸಿದಳು. ಉಮಾ, ಇದುವರೆಗೆ ನಾನು ಗಿಟಾರ್ ಕೇಳಿದ್ದು ಟೀವಿಯಲ್ಲಿ. ಮೂರು ಮೊಳ ದೂರದಲ್ಲಿ ಕೂತು ಕೇಳಿದ್ದು ಇದೇ ಮೊದಲು. ತೋಳಿನ ಕೂದಲು ಎದ್ದು ನಿಂತವು. ಸ್ವರ ನಿಂತ ಮೇಲೂ ಮರದೊಳಗೆ ಏನೋ ಉಳಿದುಕೊಂಡಿತ್ತು. ಮನುಷ್ಯರು ಎಂಥ ಎಂಥ ವಸ್ತು ಮಾಡುತ್ತಾರೆ! ನಾನು ಗೋಣಿಚೀಲ ಹೊಲಿಯುವುದರಲ್ಲೇ ಆಯುಷ್ಯ ಕಳೆದೆ.

ಆ ದೊಡ್ಡದೇ ಸರಿ ಎಂದು ಮನಸ್ಸಿಗೆ ಬಂದಿದೆ. ಅಂಗಡಿ ತುಂಬುವ ದನಿ ಅದರದು. ಆದರೆ ಶಬನಮ ಒಪ್ಪಲಿಲ್ಲ. "ಯಾರ ಬಾರಸ್ತಾರ ಅವರ ಕೈ ನೋಡ್ದ ನಾ ಕೊಡೂದಿಲ್ರಿ. ಚಪ್ಪಲಿ ತಗೊಳ್ಳಾಕ ಕಾಲ ಬ್ಯಾಡೇನ್ರಿ?" ಎಂದಳು. ಹಾಗಾಗಿ ಐಶ್ವರ್ಯಾಳ ಎಡಗೈಯನ್ನು ಕಾಗದದ ಮೇಲೆ ಇಟ್ಟು ಸುತ್ತ ಗೀಟು ಎಳೆದು ಕಳಿಸು.

ನಿನ್ನ ವೈನಿ ಒಂದು ಪ್ರಶ್ನೆ ಕೇಳಿದ್ದಾಳೆ. ಐಶ್ವರ್ಯಾ ಯಾವಾಗಿನಿಂದ ರೊಟ್ಟಿ ತಟ್ಟುತ್ತಿದ್ದಾಳೆ? ಹೋದ ದೀಪಾವಳಿಗೆ ಬಂದಾಗ ಹಿಟ್ಟು ಕಲಸಲೂ ಬರುತ್ತಿರಲಿಲ್ಲ.

ಗುರುಸಂಗಪ್ಪ


ಗಜೇಂದ್ರಗಡ
9 ಜುಲೈ 2025

ಅಣ್ಣಾ,

ನಿನ್ನ ಕಾಗದವನ್ನು ಅಟ್ಟಕ್ಕೆ ಒಯ್ದು ಮತ್ತೆ ಮತ್ತೆ ಓದಿದೆ. ಸ್ವರ ನಿಂತ ಮೇಲೂ ಮರದೊಳಗೆ ಉಳಿಯುತ್ತದೆ ಎಂದು ಬರೆದಿದ್ದೀಯಲ್ಲ, ಅದನ್ನು ಕೇಳಲು ಎಷ್ಟೋ ಜನಕ್ಕೆ ವರ್ಷ ಬೇಕಾಗುತ್ತದೆ. ನೀನು ಒಂದೇ ಸಲಕ್ಕೆ ಕೇಳಿದೆ. ಕಾಳಿನ ವ್ಯಾಪಾರಿಯ ಕಿವಿ ಇಷ್ಟು ಚಲೋ ಇದೆ ಎಂದು ನನಗೆ ತಿಳಿದಿರಲಿಲ್ಲ.

ಕೈಯ ಗೀಟು ಇದರ ಜೊತೆ ಇದೆ. ಐಶ್ವರ್ಯಾ ಅಲುಗಾಡದೆ ಕೂತಿದ್ದಳು. ರೊಟ್ಟಿಯನ್ನು ಈಗೀಗ ಕಲಿಸುತ್ತಿದ್ದೇನೆ ಎಂದು ವೈನಿಗೆ ಹೇಳು. ಹೆಣ್ಣುಮಕ್ಕಳು ಎಲ್ಲ ಕಲಿಯಬೇಕಲ್ಲ.

ಆ ದೊಡ್ಡದನ್ನೇ ಕೊಂಡುಬಿಡು. ನೀನು ಬರೆದ ದಿನದಿಂದ ಅದರ ದನಿ ನನ್ನ ಕಿವಿಯಲ್ಲೇ ಇದೆ.

ಉಮಾಶ್ರೀ


ನರಗುಂದ
17 ಜುಲೈ 2025

ಉಮಾ,

ಕೈಯ ಗೀಟು ಬಂತು. ಬಂದ ದಿನ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡುತ್ತಾ ಕೂತಿದ್ದೆ. ಗಿರಾಕಿ ಬಂದು ಕೆಮ್ಮಿದ ಮೇಲೆ ಎಚ್ಚರವಾಯಿತು.

ಹುಬ್ಬಳ್ಳಿಗೆ ಒಯ್ದು ತೋರಿಸಿದೆ. ಶಬನಮ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ "ಕಾಕಾ, ಈ ಕಿರಿಬೆರಳ ಹಿಂಗ್ಯಾಕ ಬಾಗೇತಿ?" ಎಂದಳು.

"ಪೆನ್ಸಿಲ್ ಜಾರಿರಬೇಕವಾ" ಎಂದೆ. "ಆದರ ಪೆನ್ಸಿಲ್ ಜಾರಿಲ್ಲ ಅಂತ ತಿಳ್ಕೊಂಡ ನೀ ಗಿಟಾರ ಕೊಡು."

ಅವಳು ನನ್ನ ಮುಖ ನೋಡಿ, ಮತ್ತೆ ಆ ಗೀಟಿನ ಮೇಲೆ ಬೆರಳಾಡಿಸಿದಳು. ಕಿರುಬೆರಳು ಹೀಗಿದ್ದರೆ ದೂರದ ತಂತಿ ಮುಟ್ಟಲು ಇಡೀ ಮುಂಗೈ ತಿರುಚಬೇಕಂತೆ. ಹಳೆಯದರ ಹಾಗೆ ತಂತಿ ಎತ್ತರವಿದ್ದರೆ ಒಂದೊಂದು ಸಲ ಒತ್ತಿದಾಗಲೂ ಕಣ್ಣಲ್ಲಿ ನೀರು ಬರುವಷ್ಟು ನೋವಂತೆ. "ಇಂಥಾ ಬೆರಳ ಇಟ್ಕೊಂಡ ಅಂಥಾ ಗಿಟಾರ ಮ್ಯಾಲೆ ಕಲಿತಾರಂದ್ರ, ಯಾರ ಇರ್ಲಿ ಕಾಕಾ, ನಾ ಅವರ ಕಾಲ ಮುಗೀತೀನಿ" ಎಂದಳು. ನೀರು ತರಿಸಿ ಕುಡಿದೆ.

ದೊಡ್ಡದನ್ನು ಬಿಟ್ಟೆ. ಸಂಜೆಯ ತನಕ ಅಲ್ಲೇ ಕೂತು ಬೇರೆ ಒಂದನ್ನು ಆರಿಸಿದ್ದೇವೆ. ಮೈ ಸಣ್ಣದು, ಕುತ್ತಿಗೆ ತೆಳ್ಳಗೆ. ಲೋಹದ ಪಟ್ಟಿಗಳು ಒಂದಕ್ಕೊಂದು ಹತ್ತಿರ. ಮುಖದ ಹಲಗೆ ಒಂದೇ ಮರದ್ದು, ಬಾರಿಸಿದಷ್ಟೂ ದನಿ ಮಾಗಿ ಪಾಡಾಗುತ್ತದಂತೆ. ತಂತಿಗಳನ್ನು ಇನ್ನೂ ಕೆಳಗೆ ಇಳಿಸಿಕೊಡಲು ಹೇಳಿದೆ. ದನಿ ದೊಡ್ಡದರಷ್ಟು ಗುಡುಗುವುದಿಲ್ಲ, ಆದರೆ ಸ್ವಚ್ಛ. ಇಬ್ಬರು ಮೆಲ್ಲಗೆ ಮಾತಾಡಿದರೆ ಹೇಗಿರುತ್ತದೆ ಹಾಗೆ. ತಂದು ಗೋದಾಮಿನಲ್ಲಿ ತೊಗರಿ ಚೀಲಗಳ ಮೇಲೆ, ಇಲಿ ಹತ್ತದ ಕಡೆ ಜೋಪಾನ ಇಟ್ಟಿದ್ದೇನೆ.

ಇನ್ನೊಂದು ಸುದ್ದಿ. ಗಾಳೆವ್ವ ಈಗ ಕೊಣ್ಣೂರಿನ ತನಕ ಸ್ಕೂಟರಿನಲ್ಲೇ ಹೋಗಿ ಬರುತ್ತಾಳೆ. ನಿನ್ನೆ ಪೇಟೆಗೆ ತಡವಾಗಿತ್ತು, ನಾನು ಅವಳ ಹಿಂದೆ ಕೂತು ಹೋದೆ. ಓಣಿಯವರು ನನ್ನನ್ನು ನೋಡಿ ನಕ್ಕರು. ನಗಲಿ. ಏನು ಚಂದ ಗಾಡಿ ಬಿಡುತ್ತಾಳೆ ಅಂತೀ!

ಗುರುಸಂಗಪ್ಪ


ಗಜೇಂದ್ರಗಡ
22 ಜುಲೈ 2025

ಅಣ್ಣಾ,

ಹೌದು, ಪೆನ್ಸಿಲ್ ಜಾರಿತ್ತು. ನಾನು ಆಮೇಲೆ ನೋಡಿದೆ, ತಿದ್ದಲು ವೇಳೆ ಸಿಗಲಿಲ್ಲ.

ಸಣ್ಣದನ್ನು ತೆಗೆದುಕೊಂಡೆಯಾ? ಇರಲಿ. ಹುಡುಗಿಯ ಆಟಕ್ಕೆ ಇಷ್ಟು ಸಾಕು ಎನ್ನಿಸಿರಬೇಕು ನಿನಗೆ. ಮಠದ ಅಂಗಳ ದೊಡ್ಡದು, ಶ್ರಾವಣದಲ್ಲಿ ಜನ ತುಂಬಿರುತ್ತಾರೆ. ಮೆಲ್ಲಗೆ ಮಾತಾಡಿದರೆ ಯಾರಿಗೆ ಕೇಳಬೇಕು? ಜಾರಿದ ಗೀಟನ್ನು ನಂಬಿ ಅಂಥ ದನಿಯನ್ನು ಬಿಟ್ಟು ಬಂದೆಯಲ್ಲ ಎಂದು ಒಂದು ದಿನವೆಲ್ಲ ಸಂಕಟವಾಯಿತು. ಬೇಡಿದವಳು ನಾನು, ಕೊಟ್ಟದ್ದನ್ನು ಆಡಿಕೊಳ್ಳಬಾರದು. ಆದರೂ ಮನಸ್ಸಿನಲ್ಲಿದ್ದದ್ದು ಬರೆದೆ.

ಪಂಚಮಿಗೆ ನೀನು ಕರೆಯಲು ಬಂದರೂ ಈ ಸಲ ನಾನು ಬರಲಾಗುವುದಿಲ್ಲ. ಬಳಗದ ತಾಲೀಮು ಶುರುವಾಗುತ್ತದೆ. ಉಂಡಿ ಮಾತ್ರ ಮರೆಯದೆ ತಾ.

ಉಮಾಶ್ರೀ


ಗಜೇಂದ್ರಗಡ
1 ಆಗಸ್ಟ್ 2025

ಅಣ್ಣಾ,

ನೀನು ಬಂದು ಹೋದ ದಿನ ಮನೆ ತುಂಬ ಮಂದಿ. ಒಂದು ಮಾತು ಆಡಲಾಗಲಿಲ್ಲ. ನೀನು ಶೇಂಗಾ ಉಂಡಿಯ ಡಬ್ಬಿಯ ಪಕ್ಕ ಆ ಕಪ್ಪು ಚೀಲ ಇಟ್ಟಾಗ ಅತ್ತೆ "ಗುರುಸಂಗಪ್ಪನವರ, ಸೀರಿ ಎಲ್ಲೈತ್ರಿ?" ಎಂದದ್ದು, ನೀನು "ಈ ಸಲ ಸೀರಿಗೆ ತಂತಿ ಹಚ್ಚಿಸೇನ್ರಿ" ಎಂದದ್ದು ನೆನೆದು ಈಗಲೂ ನಗುತ್ತೇನೆ. ಅತ್ತೆ ಮುಂದೆ ಏನೂ ಕೇಳಲಿಲ್ಲ. ತವರಿನದು ತಾನೇ.

ಮರುದಿನ ಮಧ್ಯಾಹ್ನ ಅಟ್ಟದಲ್ಲಿ ಬಿಚ್ಚಿದೆವು. ಚೀಲ ತೆರೆದ ಕೂಡಲೇ ನಮ್ಮ ಗೋದಾಮಿನ ವಾಸನೆ ಬಂತು. ತವರಿಗೆ ಹೋಗದ ಸಂಕಟಕ್ಕೆ ಹಾಗೆ ಅನ್ನಿಸಿರಬೇಕು ಎಂದುಕೊಂಡೆ.

ಹಿಂದಿನ ಕಾಗದದಲ್ಲಿ ಬರೆದದ್ದನ್ನು ಹರಿದು ಒಲೆಗೆ ಹಾಕು. ಇಂಥ ವಸ್ತುವನ್ನು ನಾನು ಮುಟ್ಟಿರಲೇ ಇಲ್ಲ. ಜೇನಿನ ಬಣ್ಣದ ಮುಖ, ನೆರಿಗೆ ಹಿಡಿದಂತೆ ಮರದ ಗೆರೆಗಳು. ತಂತಿ ಬೆರಳಿಗೆ ತಾನಾಗಿ ಸಿಗುತ್ತದೆ. ಎಷ್ಟು ತಿಂಗಳಿನಿಂದ ಕಿರುಬೆರಳು ಹೋಗಿ ಹೋಗಿ ಹಿಂದಿರುಗುತ್ತಿದ್ದ ಒಂದು ಸ್ವರ ಇತ್ತು, ಅಣ್ಣಾ. ಐಶ್ವರ್ಯಾಳ ಕಿರುಬೆರಳು. ಅದು ಮೊದಲನೆಯ ದಿನವೇ ಹೋಗಿ ಕೂತಿತು. ಕೂತದ್ದು ನಿಜವೋ ಸುಳ್ಳೋ ಎಂದು ಮತ್ತೆ ಮತ್ತೆ ಮೀಟಿ ನೋಡಿದೆವು. ಆಮೇಲೆ ನಾನು ಮೂಲೆಯಲ್ಲಿ ಕೂತು ಅತ್ತೆ. ಸಂತೋಷಕ್ಕೆ.

ದೊಡ್ಡ ದನಿ ನನಗೆ ಬೇಡ. ಇದು ಇರಲಿ. ಇಷ್ಟು ಸರಿಯಾದದ್ದನ್ನು ನೀನು ಹೇಗೆ ಆರಿಸಿದೆ? ಅದೃಷ್ಟ ಅನ್ನಲೋ, ನಿನ್ನ ಕಣ್ಣು ಅನ್ನಲೋ ತಿಳಿಯುತ್ತಿಲ್ಲ.

ಉಮಾಶ್ರೀ


ಗಜೇಂದ್ರಗಡ
12 ಆಗಸ್ಟ್ 2025

ಅಣ್ಣಾ,

ನಿನ್ನ ಲಾರಿಯ ದ್ಯಾಮಪ್ಪ ಉಳ್ಳಾಗಡ್ಡಿ ಒಯ್ಯಲು ಬಂದಿದ್ದಾನೆ. ಅವನ ಕೈಯಲ್ಲೇ ಇದನ್ನು ಕೊಡುತ್ತಿದ್ದೇನೆ.

ಎಲ್ಲ ಮುಗಿಯಿತು. ಇವತ್ತು ಮಠದಲ್ಲಿ ಮೊದಲ ಸಲ ವೈರು ಚುಚ್ಚಿ ತಾಲೀಮು ಮಾಡಿದೆವು. ಎರಡು ಮೂರು ದಿನದಿಂದ ಮನೆಯಲ್ಲೇ ಒಳಗೆ ಏನೋ ಸರಪರ ಎನ್ನುತ್ತಿತ್ತು. ಹೊಸದು, ಪಾಡಾಗುತ್ತಿದೆ ಎಂದುಕೊಂಡಿದ್ದೆ. ಸ್ಪೀಕರಿನಲ್ಲಿ ಅದೇ ಸಪ್ಪಳ ಹತ್ತುಪಟ್ಟಾಗಿ ಕೇಳಿತು. ಮೀಟಿದಾಗಲೆಲ್ಲ ಸ್ವರದ ಹಿಂದೆ ಚರಚರ, ಗರಗರ. "ಗಿಟಾರಲ್ಲವಾ ಇದು, ಹಪ್ಪಳ ಮುರದಂಗಾಗ್ತೈತಿ" ಎಂದರು ಒಬ್ಬರು. ಎಲ್ಲರೂ ನಕ್ಕರು. ನಗು ನಿಲ್ಲಲೇ ಇಲ್ಲ. ಅಬ್ಬಿಗೇರಿಯಿಂದ ಕೀಬೋರ್ಡ್ ಬಾರಿಸುವವರನ್ನು ಕರೆಸೋಣ ಎಂದು ಮಾತಾಯಿತು. ಗುರುವಾರದ ಒಳಗೆ ನಾನು ಹೇಳಬೇಕು. ಹೂಂ ಅಂದುಬಿಡುತ್ತೇನೆ.

ಇನ್ನು ಮುಚ್ಚಿಟ್ಟು ಏನು ಮಾಡಲಿ? ಬಾರಿಸುವವಳು ಐಶ್ವರ್ಯಾ ಅಲ್ಲ, ನಾನು. ಅವಳು ಎರಡು ತಿಂಗಳಿಗೆ ಬಿಟ್ಟಿದ್ದನ್ನು ನಾನು ಎತ್ತಿಕೊಂಡೆ. ಅಟ್ಟದಲ್ಲಿ ಕೂತು, ಅವಳ ಮೊಬೈಲ್ ಮುಂದಿಟ್ಟುಕೊಂಡು, ಕಳ್ಳರ ಹಾಗೆ ಕಲಿತೆ. ನಲವತ್ತೆಂಟು ನನಗೆ. ಗಾಳೆವ್ವನಿಗೆ ಓಣಿ ನಕ್ಕಿದ್ದನ್ನು ನೀನು ಬರೆದಿದ್ದೆಯಲ್ಲ, ಆ ದಿನವೇ ನಿನಗೆ ಎಂದಿಗೂ ಹೇಳಬಾರದು ಎಂದು ತೀರ್ಮಾನ ಮಾಡಿದೆ. ಈಗ ನೀನೂ ನಗು. ಇವತ್ತು ಎಲ್ಲರೂ ನಕ್ಕಿದ್ದಾರೆ, ಒಬ್ಬ ಹೆಚ್ಚಾದರೆ ಏನು?

ಒಂದೇ ಸಲ, ಒಂದೇ ಸೋಮವಾರ ಜನರ ಮುಂದೆ ಕೂತು ಬಾರಿಸಬೇಕೆಂಬ ಆಸೆ ಇತ್ತು. ಅಷ್ಟೇ.

ಉಮಾಶ್ರೀ


ನರಗುಂದ
13 ಆಗಸ್ಟ್ 2025

ತಂಗೆವ್ವಾ,

ದ್ಯಾಮಪ್ಪನನ್ನು ಊಟಕ್ಕೂ ಬಿಡದೆ ವಾಪಸ್ ಅಟ್ಟುತ್ತಿದ್ದೇನೆ. ಫೋನಿಗೆ ಕೈ ಹೋಗಿತ್ತು, ನಿಮ್ಮ ಮನೆಯ ಸ್ಪೀಕರ್ ನೆನಪಾಗಿ ಬಿಟ್ಟೆ.

ಮೊದಲು ಮುಖ್ಯದ್ದು. ಗಿಟಾರ್ ಕೆಟ್ಟಿಲ್ಲ, ಕೆಟ್ಟದ್ದು ನಿನ್ನ ಅಣ್ಣನ ತಲೆ. ನಿನ್ನ ಕಾಗದ ಓದಿ ಶಬನಮಳಿಗೆ ಫೋನ್ ಮಾಡಿ ಎರಡು ಮಾತು ಜೋರಾಗಿಯೇ ಆಡಿದೆ. ಅವಳು ಎಲ್ಲ ಕೇಳಿ "ಕಾಕಾ, ಖರೇ ಹೇಳ್ರಿ, ಒಳಗ ಏನರ ಹಾಕೀರೇನು?" ಎಂದಳು. ಆಗ ನೆನಪಾಯಿತು. ತೊಗರಿ ಚೀಲಗಳ ಮೇಲೆ ಇಟ್ಟೆ ಎಂದು ಬರೆದಿದ್ದೆನಲ್ಲ. ಹುಳ ಹತ್ತಬಾರದೆಂದು, ನಮ್ಮ ಬೇವಿನ ಗಿಡದ ಒಣ ಎಲೆಯನ್ನು ಅರಿವೆಯಲ್ಲಿ ಕಟ್ಟಿ ಗಿಟಾರಿನ ಹೊಟ್ಟೆಯ ತೂತಿನೊಳಗೆ ತಳ್ಳಿದ್ದೆ. ಕಾಳಿಗೆ ಹಾಕುತ್ತೇವೆ, ಕಡಲೆಗೆ ಹಾಕುತ್ತೇವೆ, ಇಷ್ಟು ಚೆಂದದ ಮರಕ್ಕೆ ಹಾಕದಿದ್ದರೆ ಹೇಗೆ? ಆ ಗಂಟು ಬಿಚ್ಚಿರಬೇಕು. ಇದನ್ನು ಹೇಳಿದ ಮೇಲೆ ಶಬನಮ ಎಷ್ಟು ನಕ್ಕಳೆಂದರೆ ಫೋನನ್ನು ಕಿವಿಯಿಂದ ದೂರ ಹಿಡಿದೆ. ತಂತಿ ಸಡಿಲಿಸಿ, ತಲೆಕೆಳಗೆ ಮಾಡಿ ಮೆಲ್ಲಗೆ ಅಲುಗಾಡಿಸಬೇಕಂತೆ. ಉಳಿದದ್ದನ್ನು ಐಶ್ವರ್ಯಾಳ ಸಣ್ಣ ಕೈಯಿಂದ ತೆಗೆಸು.

ಈಗ ಎರಡನೆಯದು. ನೀನು ಬಾರಿಸುತ್ತೀ ಎಂದು ನನಗೆ ಗೀಟು ಬಂದ ದಿನವೇ ಗೊತ್ತಾಗಿದೆ. ಆ ಕಿರುಬೆರಳಿಗೆ ಬಿದಿರು ಕಟ್ಟುವಾಗ ನಿನ್ನ ಮುಂಗೈ ಹಿಡಿದುಕೊಂಡು ಕೂತವನು ನಾನು. ಸಾವಿರ ಕೈಗಳ ನಡುವೆ ಇಟ್ಟರೂ ಗುರುತು ಹಿಡಿಯುತ್ತೇನೆ. ದೊಡ್ಡದನ್ನು ಬಿಟ್ಟದ್ದು ಆ ಬೆರಳಿಗಾಗಿ. ನೀನಾಗಿ ಹೇಳುವ ತನಕ ಬಾಯಿ ಬಿಡಬಾರದು ಎಂದು ಸುಮ್ಮನಿದ್ದೆ.

ನಗು ಎಂದು ಬರೆದಿದ್ದೀ. ಉಮಾ, ನನಗೆ ನಗು ಬರಲಿಲ್ಲ, ಹೆಮ್ಮೆ ಬಂತು. ಬಾಗಿದ ಬೆರಳು, ಬಾಗಿದ ಗಿಟಾರ್, ಕಲಿಸಲು ಒಬ್ಬ ಗುರು ಇಲ್ಲ. ಮುಂಜಾನೆಯಿಂದ ಮನೆಗೆಲಸ, ಮಧ್ಯಾಹ್ನ ಅಟ್ಟ. ನಮ್ಮ ಮನೆತನದಲ್ಲಿ ಇಂಥ ಛಲ ಯಾರಿಗಿತ್ತು? ಅಪ್ಪನಿಗಿರಲಿಲ್ಲ, ನನಗಂತೂ ಇಲ್ಲ. ಕಟ್ಟು ಬಿಚ್ಚಿದ ದಿನ ಮತ್ತೆ ಜೋಕಾಲಿ ಏರಿದವಳು ನೀನು. ಅಂಥವಳು ನಾಲ್ಕು ಬೇವಿನ ಎಲೆಗೆ ಹೆದರಿ ಅಬ್ಬಿಗೇರಿಗೆ ಹೇಳಿ ಕಳಿಸುತ್ತೀಯಾ?

ನೀನೇ ಬಾರಿಸು. ನಾನು ಬಂದರೆ ನಿನ್ನ ಗಮನ ನನ್ನ ಕಡೆ ಹರಿದೀತು, ಬರುವುದಿಲ್ಲ. ಸೋಮವಾರ ಸಂಜೆ ಅಂಗಡಿಯ ಬಾಗಿಲು ಹಾಕಿಕೊಂಡು ಇಲ್ಲೇ ಕೂತಿರುತ್ತೇನೆ.

ನಿನ್ನ ಅಣ್ಣ
ಗುರುಸಂಗಪ್ಪ


ಗಜೇಂದ್ರಗಡ
19 ಆಗಸ್ಟ್ 2025

ಅಣ್ಣಾ,

ದ್ಯಾಮಪ್ಪ ಕಾಗದ ತಂದಾಗ ನಾನು ಅಡಿಗೆಮನೆಯಲ್ಲಿದ್ದೆ. ಕೈಯ ಹಿಟ್ಟು ತೊಳೆಯದೆ ಅಟ್ಟಕ್ಕೆ ಓಡಿದೆ. ಗಿಟಾರನ್ನು ತಲೆಕೆಳಗೆ ಮಾಡಿದರೆ ಒಂದು ಹಿಡಿ ಬೇವಿನ ಎಲೆ, ಹಿಂದಿನಿಂದ ನಿನ್ನ ಹಳೆಯ ಪಂಚೆಯ ತುಂಡು ಉದುರಿತು. ಗೋದಾಮಿನ ವಾಸನೆ ಬಂದದ್ದು ನನ್ನ ಭ್ರಮೆಯಲ್ಲ ಎಂದು ಆಗ ತಿಳಿಯಿತು. ಐಶ್ವರ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಹೇಳಲಾರೆ. ಅಬ್ಬಿಗೇರಿಯವರು ಬೇಡ ಎಂದು ಅವತ್ತೇ ಬಳಗಕ್ಕೆ ಹೇಳಿದೆ.

ನಿನ್ನೆ ಬಾರಿಸಿದೆ.

ಮಠದ ಅಂಗಳದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಪುರಾಣ ಮುಗಿಯಿತು. ವೈರು ಚುಚ್ಚಿದಾಗ ಹಪ್ಪಳದ ಮಾತಾಡಿದವರು ಕಿವಿ ಮುಚ್ಚಿಕೊಳ್ಳಲು ತಯಾರಾಗಿ ಕೂತಿದ್ದರು. ನರಗುಂದದಲ್ಲಿ ಬಾಗಿಲು ಹಾಕಿಕೊಂಡು ಕೂತವನನ್ನು ನೆನೆದು ಮೊದಲ ಸ್ವರ ಮೀಟಿದೆ. ಅದು ಮೆಲ್ಲಗೆ ಹೊರಟು ಅಂಗಳದ ಕೊನೆಯ ಸಾಲಿನ ತನಕ ಹೋಯಿತು. ಹೆಂಗಸರು ದನಿ ಎತ್ತಿದರು, ಎಲ್ಲರ ಸ್ವರ ಗಿಟಾರಿನ ಹತ್ತಿರ ಬಂದು ಸೇರಿಕೊಂಡಿತು. ಎರಡನೆಯ ವಚನದಲ್ಲಿ ಒಂದು ಕಡೆ ತಪ್ಪಿದೆ. ಯಾರಿಗೂ ತಿಳಿಯಲಿಲ್ಲ, ಅಥವಾ ತಿಳಿದವರು ಸುಮ್ಮನಿದ್ದರು. ಮುಗಿದ ಮೇಲೆ ಹಪ್ಪಳದವರು ಬಂದು ನನ್ನ ಎಡಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ನಮ್ಮ ಮನೆಯವರು ಇವತ್ತು ಮುಂಜಾನೆಯಿಂದ ಅಂಗಡಿಗೆ ಬಂದವರಿಗೆಲ್ಲ ಕಥೆ ಹೇಳುತ್ತಿದ್ದಾರೆ. ಈಗ ಹೇಳಲಿ, ನಾನೂ ಅಟ್ಟದಿಂದ ಕೇಳಿ ಖುಷಿಪಡುತ್ತೇನೆ.

ಅತ್ತೆಯ ಮಾತೊಂದು ಹೇಳಬೇಕು. ಮನೆಗೆ ಬಂದು ಗಿಟಾರನ್ನು ಗೋಡೆಗೆ ಆನಿಸಿ ಇಡುತ್ತಿದ್ದೆ. ಗೌರವ್ವನವರು ಮಂಚದ ಮೇಲೆ ಕೂತು ಕಾಲು ನೀವಿಕೊಳ್ಳುತ್ತಾ ಅಂದರು, "ಆ ಹಳೇದು ಭಾಳ ಅಳತಿತ್ತವಾ. ಇದು ಚಲೋ ಐತಿ. ನಾಳಿಂದ ಅಟ್ಟ ಏರಬ್ಯಾಡ, ಇಲ್ಲೇ ನನ್ನ ಮುಂದ ಕೂತ ಬಾರಸು. ಅಲ್ಲಿಂದ ಅರ್ಧಾನ ಕೇಳಸ್ತೈತಿ."

ಮಲಗಿದ್ದಾರೆ ಎಂದು ನಾನು ತಿಳಿದ ಮಧ್ಯಾಹ್ನಗಳಲ್ಲೆಲ್ಲ ಅವರು ಕೇಳುತ್ತಿದ್ದರು, ಅಣ್ಣಾ.

ಶಬನಮಳಿಗೆ ಕೊಡಬೇಕೆಂದು ನೀನು ಕೊಟ್ಟ ಸೀರೆಗಳಲ್ಲಿ ಒಂದನ್ನು ತೆಗೆದಿಟ್ಟಿದ್ದೇನೆ. ಗಾಳೆವ್ವನಿಗೆ ಹೇಳು, ಮುಂದಿನ ಪಂಚಮಿಗೆ ನಾನು ಬಂದಾಗ ಅವಳ ಸ್ಕೂಟರಿನ ಹಿಂದಿನ ಸೀಟು ನನ್ನದು. ನೀನು ನಡೆದು ಬಾ.

ಈ ಹಾಳೆಯ ಹಿಂಬದಿಯಲ್ಲಿ ಮತ್ತೊಮ್ಮೆ ನನ್ನ ಎಡಗೈ ಇಟ್ಟು ಗೀಟು ಎಳೆದಿದ್ದೇನೆ. ನಿಧಾನವಾಗಿ, ಹಗಲು ಬೆಳಕಿನಲ್ಲಿ, ಅತ್ತೆಯ ಮುಂದೆಯೇ ಕೂತು ಎಳೆದದ್ದು. ಕಿರುಬೆರಳನ್ನು ನೋಡು. ಪೆನ್ಸಿಲ್ ಜಾರಿಲ್ಲ.

ನಿನ್ನ ತಂಗಿ
ಉಮಾಶ್ರೀ